ವನ್ಸ್ ಮೋರ್ ಕೂಗಿದವರು

ರಾಜ್ಯ ಒಂದಾದ ಮರುವರ್ಷ. ಶಿವರಾತ್ರಿ ಕಳೆದು ಚಳಿ ಕಾಲು ಕಿತ್ತಿತ್ತು. ದುರ್ಗದ ಬಂಡೆಗಳು ಎಳೆಬಿಸಿಲಿಗೇ ಬೆಚ್ಚಗಾಗುವ ಕಾಲ. ಎಮ್ಮೆ ಕರೆದು ಹಾಲಿನ ಚೊಂಬು ಒಳಗೆ ಬರುವ ಹೊತ್ತಿನಲ್ಲಿ, ಪೊಲೀಸ್ ಜಮಾದಾರ ತಿಪ್ಪೇರುದ್ರಪ್ಪನ ಅಡುಗೆಮನೆಯಲ್ಲಿ ಈ ಮಾತು ಹುಟ್ಟಿತು.

"ಆಯಮ್ಮ ಪೂರ್ತಿ ಒರೆಸ್ಕಂಡ್ಳು ಕಣ್ರಿ," ಎಂದಳು ಅವನ ಹೆಂಡತಿ ಸಿದ್ದಕ್ಕ, ಕಾವಲಿಯ ಮೇಲಿನ ರೊಟ್ಟಿ ಮೊಗಚುತ್ತ.

"ಯಾವ ಆಯಮ್ಮ?"

"ನಾಟಕದ ಏಕಾಂತಮ್ಮ. ಗಂಡ ಚಂದ್ರವಳ್ಳಿ ಕೆರೆಯಾಗೆ ಬಿದ್ದಿದ್ನಲ್ಲ, ಅವಳು."

ತಿಪ್ಪೇರುದ್ರಪ್ಪನ ಕೈ ರೊಟ್ಟಿಯ ಮೇಲೇ ನಿಂತಿತು.

ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದ ಅವಳ ಗಂಡ ಗೋವಿಂದಪ್ಪನ ಹೆಣ ಹೋದ ಸೋಮವಾರ ಬೆಳಿಗ್ಗೆ ಸಿಕ್ಕಿತ್ತು. ತಲೆಯ ಹಿಂಭಾಗ ಒಡೆದಿತ್ತು. ಜೀವ ಹೋದದ್ದು ಹಿಂದಿನ ದಿನ ಮಧ್ಯಾಹ್ನವೇ ಎಂದಿದ್ದರು ಡಾಕ್ಟರು. ಅದೇ ಕಂಪನಿಯ ಮೂರ್ತಪ್ಪ ಲಾಕಪ್ಪಿನಲ್ಲಿದ್ದ. ಶುಕ್ರವಾರ ಅವನನ್ನು ಕೋರ್ಟಿಗೆ ಒಯ್ಯಬೇಕಿತ್ತು.

"ಏನು ಒರೆಸ್ಕಂಡ್ಳು? ಬಿಡಿಸಿ ಹೇಳು."

"ಕುಂಕುಮ ಕಣ್ರಿ. ಆ ಭಾನುವಾರದ ಆಟದಾಗೆ, ಮೂರನೇ ಅಂಕದಾಗೆ, ಗೌಡ ಸತ್ತ ಅಂತ ಸುದ್ದಿ ಬರ್ತದಲ್ಲ. ಆಗ ಗೌಡಶಾನಿ ಕುಂಕುಮ ಒರೆಸ್ಕಂತಾಳೆ. ಆಯಮ್ಮನ ಆ ಪಾರ್ಟು ಹೊಸದುರ್ಗದಾಗೆ ನಮ್ಮಕ್ಕನ ಮನೆಗೆ ಹೋದಾಗ್ಲೂ ನೋಡೀನಿ. ಗಂಡ ಇರೋ ಯಾವ ಪಾತ್ರಧಾರಿನೂ ಪೂರ್ತಿ ಒರೆಸ್ಕಣಲ್ಲ. ಬೈತಲೆ ಬುಡದಾಗೆ ಸಾಸಿವೆ ಕಾಳಿನಷ್ಟು ಬಿಟ್ಕಂಡು, ಮೇಲೆ ಸೆರಗು ಎಳ್ಕಂತಾಳೆ. ಗಂಡಸ್ರಿಗೆ ಅದು ಕಾಣಲ್ಲ. ಹೆಂಗಸ್ರು ನೋಡೋದೇ ಅದನ್ನ. ಬಿಟ್ಳಾ, ಬಿಟ್ಳು ಅಂತ ಉಸಿರು ಬಿಡ್ತೀವಿ."

"ಆವತ್ತು ಬಿಡ್ಲಿಲ್ಲವಾ?"

"ಎಲ್ಲಿ ಬಿಟ್ಳು? ಸೆರಗಿನ ತುದಿಗೆ ಎಂಜಲು ಹಚ್ಚಿ ತಿಕ್ಕಿದಳು ನೋಡ್ರಿ, ಹಣೆ ಚರ್ಮ ಕೆಂಪಾಗೋವಂಗೆ. ನಮ್ಮ ಚಾಪೆ ಕಡೆ ಒಬ್ರೂ ಉಸಿರೆತ್ತಲಿಲ್ಲ. ಕುರ್ಚಿ ಕಡೆಯಿಂದ ಮಾತ್ರ ವನ್ಸ್ ಮೋರ್, ವನ್ಸ್ ಮೋರ್..."

ಸಿದ್ದಕ್ಕ ತಿರುಗಿ ಗಂಡನ ಮುಖ ನೋಡಿದಳು.

"ನೀವೂ ಕೂಗಿದ್ರಿ."

ಹೌದು, ಕೂಗಿದ್ದ. ಬಂದೋಬಸ್ತಿಗೆಂದು ಯೂನಿಫಾರ್ಮಿನಲ್ಲಿ ಹೋಗಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಟೋಪಿ ತೊಡೆಯ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಕೂಗಿದ್ದ.

"ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ನೀನು?"

"ಬಾಯಿ ಬಿಟ್ಟಿದ್ದೇ ಆತಲ್ಲ. ಓಣಿಯಾಗೆ ಎಲ್ಲಾರೂ ಅದನ್ನೇ ಆಡ್ಕಂಡ್ವಿ. ಪೂರ್ತಿ ಒರೆಸ್ಕಂಡ್ಳು, ಅದಕ್ಕೇ ಗಂಡನ್ನ ನುಂಗ್ಕಂಡ್ಳು ಅಂತ. ನಾನೂ ಆಡ್ದೆ." ಅವಳ ದನಿ ತಗ್ಗಿತು. "ನೆನ್ನೆ ಮಲಗಿದಾಗ ಅನ್ನಿಸ್ತು. ಪಾಪ, ಹಂಗೆ ಅನ್ನಬಾರದಿತ್ತು."

ತಿಪ್ಪೇರುದ್ರಪ್ಪ ತಟ್ಟೆ ಸರಿಸಿ ಎದ್ದ. ಓಣಿಯ ಹೆಂಗಸರು ಹಿಂದುಮುಂದು ಮಾಡಿದ್ದರು. ಗೋವಿಂದಪ್ಪ ಸತ್ತದ್ದು ಮಧ್ಯಾಹ್ನ. ಅವಳು ಒರೆಸಿಕೊಂಡದ್ದು ದೀಪ ಹಚ್ಚುವ ಹೊತ್ತಿಗೆ. ಒರೆಸಿದ್ದಕ್ಕೆ ಗಂಡ ಸಾಯಲಿಲ್ಲ. ಗಂಡ ಸತ್ತದ್ದು ಗೊತ್ತಾಗಿ ಒರೆಸಿಕೊಂಡಳು.

ಹೆಣ ಸಿಕ್ಕಿದ್ದು ಮರುದಿನ. ಹಾಗಾದರೆ ಹಿಂದಿನ ಸಂಜೆಯೇ ಅವಳಿಗೆ ಹೇಳಿದವರು ಯಾರು?

*

ಲಾಕಪ್ಪಿನ ಮೂಲೆಯಲ್ಲಿ ಮೂರ್ತಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಒಣಕಲು ಆಳು. ಸೇವಕ, ದೂತ, ತಳವಾರ, ಹೀಗೆ ಬಂದು ಒಂದು ಮಾತು ಹೇಳಿ ಹೋಗುವ ಪಾರ್ಟುಗಳಲ್ಲೇ ತಲೆ ನೆರೆಸಿಕೊಂಡವನು. ಭಾನುವಾರ ಮಧ್ಯಾಹ್ನ ಗೋವಿಂದಪ್ಪನ ಜೊತೆ ಚಂದ್ರವಳ್ಳಿ ದಾರಿಯಲ್ಲಿ ಜಗಳವಾಡುತ್ತ ಹೋಗುತ್ತಿದ್ದುದನ್ನು ಇಬ್ಬರು ಸೌದೆಯವರು ಕಂಡಿದ್ದರು.

ಮೂರ್ತಪ್ಪನದು ಒಂದೇ ಮಾತು. ಅರ್ಧ ದಾರಿಯಿಂದಲೇ ಹಿಂದಿರುಗಿದೆ, ಸಂಜೆ ಆಟದಲ್ಲಿ ಇದ್ದೆ, ಗೌಡ ಸತ್ತ ಸುದ್ದಿ ತರುವ ಕುರಿಗಾಹಿಯ ಪಾರ್ಟು ಮಾಡಿದೆ, ಊರೇ ನೋಡಿದೆ.

ಊರಿನ ಜೊತೆ ಜಮಾದಾರನೂ ನೋಡಿದ್ದ. ಅದೇ ಈಗ ಉರುಳಾಗಿತ್ತು. ಏಕಾಂತಮ್ಮನಿಗೆ ಆ ಸಂಜೆ ಸ್ಟೇಜಿನ ಮೇಲೆ ಸುದ್ದಿ ಹೇಳಿದವನು ಇವನೇ ಆದರೆ, ಗೋವಿಂದಪ್ಪ ಸತ್ತದ್ದು ಇವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದವನು ಬಾಯಿ ಮುಚ್ಚಿಕೊಂಡಿದ್ದ ಎಂದರೆ ಕೊಂದವನೇ ಇರಬೇಕು.

"ಮೂರ್ತಪ್ಪ, ಆವತ್ತು ಏಕಾಂತಮ್ಮನ ಕೈಗೆ ಏನು ಕೊಟ್ಟೆ?"

"ರುಮಾಲು ಸ್ವಾಮಿ. ಗೌಡ್ರ ಕೆಂಪು ರುಮಾಲು. ಕಂಪನಿ ಸಾಮಾನು."

"ಒಣಗಿತ್ತಾ, ಒದ್ದೆ ಇತ್ತಾ?"

ಮೂರ್ತಪ್ಪ ನಕ್ಕ. "ಒದ್ದೆ ಯಾಕಾಗ್ತದೆ ಸ್ವಾಮಿ? ಪೆಟ್ಟಿಗೆಯಿಂದ ತಗದು ಕೊಡೋ ರುಮಾಲು."

ತಿಪ್ಪೇರುದ್ರಪ್ಪ ಸರಳು ಹಿಡಿದು ನಿಂತ. ಆ ಸಂಜೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಅವನು ಕಂಡದ್ದು ಕೆಂಪು ರುಮಾಲಲ್ಲ. ಹಸಿರು ಅಂಚಿನ ಬಿಳಿ ವಲ್ಲಿ. ಹೆಗಲ ಮೇಲೆ ಹಾಕುವಂಥದು. ಅದರಿಂದ ನೀರು ಹಲಗೆಯ ಮೇಲೆ ತೊಟ್ಟಿಕ್ಕಿದ್ದನ್ನು ನೋಡಿ, ಪಕ್ಕದ ಅಡಿಕೆ ಸಾಹುಕಾರನಿಗೆ ಮೊಳಕೈ ತಿವಿದು, 'ಏನು ಕಂಪನಿ ಸ್ವಾಮಿ, ಕೆರೆ ನೀರು ಸಮೇತ ತಂದಾರೆ' ಎಂದಿದ್ದ. ಮರುದಿನ ಕೆರೆಯಿಂದ ತೆಗೆದ ಹೆಣದ ಹೆಗಲ ಮೇಲೆ ವಲ್ಲಿ ಇರಲಿಲ್ಲ. ಅದನ್ನೂ ಇದನ್ನೂ ಕೂಡಿಸಿ ನೋಡುವ ಬುದ್ಧಿ ಅವನಿಗೆ ಆಗ ಬರಲಿಲ್ಲ.

"ಆವತ್ತು ಸ್ಟೇಜಿನ ಮೇಲೆ ನೀನು ಇರಲಿಲ್ಲ ಮೂರ್ತಪ್ಪ."

"ಇದ್ದೆ."

"ಇದ್ದೆ ಅಂದ್ರೆ ನಿನಗೇ ನೇಣು. ಇರಲಿಲ್ಲ ಅನ್ನು. ಎಲ್ಲಿದ್ದೆ ಹೇಳು."

ಮೂರ್ತಪ್ಪ ಗೋಡೆಯ ಕಡೆ ತಿರುಗಿದ. "ಮೀಸೆ ಮೂಡೋ ಮುಂಚೆ ಕಂಪನಿ ಸೇರ್ದೋನು ನಾನು. ಹೀರೋ ಆಗ್ಲಿಲ್ಲ, ಹಾಡು ಬರ್ಲಿಲ್ಲ. ಎಂಟ್ರಿ ಒಂದು ತಪ್ಪಿಸ್ಲಿಲ್ಲ. ಅದೊಂದೇ ನನ್ನ ಹೆಸರು. ಇದ್ದೆ ಸ್ವಾಮಿ. ಬರ್ಕಳ್ರಿ."

ಕಂಪನಿಯವರನ್ನು ಬಲ್ಲ ತಿಪ್ಪೇರುದ್ರಪ್ಪನಿಗೆ ಇದು ಅರ್ಥವಾಯಿತು. ಪಾರ್ಟು ಕೆಟ್ಟದಾಗಿ ಮಾಡಿದವನನ್ನು ಕಂಪನಿ ಕ್ಷಮಿಸುತ್ತದೆ. ಎಂಟ್ರಿಗೆ ಬಾರದೆ ಸಹಪಾತ್ರವನ್ನು ಬೆಳಕಿನಲ್ಲಿ ಒಬ್ಬಳೇ ನಿಲ್ಲಿಸಿದವನ ಪಕ್ಕ ಪಂಕ್ತಿಯಲ್ಲಿ ಯಾರೂ ಎಲೆ ಹಾಕಿಕೊಳ್ಳುವುದಿಲ್ಲ. ಈ ಮನುಷ್ಯ ಆ ನಾಚಿಕೆಗೆ ಹೆದರಿ ಹಗ್ಗಕ್ಕೆ ಕೊರಳು ಕೊಡುತ್ತಿದ್ದ.

ಅವನನ್ನು ಉಳಿಸುವ ಬಾಯಿ ಈಗ ಒಂದೇ. ಸುದ್ದಿ ತಂದವನ ಎದುರು ನಿಂತು, ವಲ್ಲಿ ಕೈಗೆ ತೆಗೆದುಕೊಂಡವಳದು.

*

ಕಂಪನಿ ದುರ್ಗದಿಂದ ಡೇರೆ ಕಿತ್ತು ಹೊಳಲ್ಕೆರೆಗೆ ಬಂದಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ಮುಚ್ಚಿದ್ದ ಅಕ್ಕಿ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದು, ಬಾಗಿಲಲ್ಲಿ ಅರಮನೆಯ ಪರದೆಯನ್ನು ಬಿಸಿಲಿಗೆ ಹರಡಿದ್ದರು. ಯಜಮಾನ ಶಿವಕುಮಾರಪ್ಪ ಪರದೆಯ ತೂತು ಎಣಿಸುತ್ತಿದ್ದವನು ಖಾಕಿ ಕಂಡು ಎದ್ದು ಬಂದ.

"ಬರ್ರಿ ಬರ್ರಿ ಜಮಾದಾರ್ರೆ, ಕುಂತ್ಕಳ್ರಿ. ಏ, ಆ ಸಿಂಹಾಸನ ಇತ್ಲಾಗೆ ತಾರೋ, ಸಾಹೇಬ್ರು ಕೂರ್ಲಿ. ನಾಲ್ಕು ಕಾಲು ಇರೋದು ತಾ, ರಾಜಂದು ಬ್ಯಾಡ."

ತಿಪ್ಪೇರುದ್ರಪ್ಪ ಕೂರಲಿಲ್ಲ.

"ಆ ಭಾನುವಾರ ಕುರಿಗಾಹಿ ಪಾರ್ಟು ಮಾಡಿದ್ದು ಯಾರು?"

"ಮೂರ್ತಪ್ಪ. ಇನ್ಯಾರು?"

"ಮುಖ ನೋಡಿದ್ರಾ?"

"ಮುಖ ಎಲ್ಲಿ ನೋಡೋದ್ರಿ? ಗಡ್ಡ, ಮೇಲೆ ಕಂಬಳಿ ಕೊಪ್ಪೆ. ಪಕ್ಕದ ಪರದೆ ಮರೆಯಾಗೆ ಕತ್ತಲು. ಅವನ ಹೊತ್ತು ಬಂದಿತ್ತು, ಕಾಣ್ಲಿಲ್ಲ. ಆಯಮ್ಮ ಒಬ್ಳೇ ಬೆಳಕಿನಾಗೆ ನಿಂತು ಇಲ್ಲದ ಮಾತೆಲ್ಲ ಆಡಿ ಹೊತ್ತು ತಳ್ತಾ ಅವಳೆ. ನನ್ನ ಎದೆ ಡವಡವ. ತಿರುಗಿ ನೋಡ್ತೀನಿ, ಹಿಂದಿನ ಬಾಗಿಲಾಗೆ ಕಂಬಳಿ ಹೊದ್ದು ನಿಂತಾನೆ, ಕಲ್ಲು ನಿಂತಂಗೆ. ಹೋಗಲೇ ನಿನ್ನ, ಅಂತ ಬೆನ್ನಿಗೆ ಕೈ ಹಚ್ಚಿ ದಬ್ಬಿದೆ."

"ದಬ್ಬಿದ್ರಾ?"

"ದಬ್ಬಿದೆ. ಮುಗ್ಗರಿಸಿ ಹೋಗಿ ಬೆಳಕಿಗೆ ಬಿದ್ದ." ಶಿವಕುಮಾರಪ್ಪ ತನ್ನ ಅಂಗೈ ನೋಡಿಕೊಂಡ. "ಕಂಬಳಿ ಒದ್ದೆ ಇತ್ತು. ಆಮೇಲೆ ಕೈ ಮೂಸಿದ್ರೆ ಕುರಿ ವಾಸನೆ. ಕಂಪನಿ ಕಂಬಳಿ ನುಸಿಗುಳಿಗೆ ವಾಸನೆ ಬರ್ತದೆ. ಆಟದ ಗಡಿಬಿಡಿ, ಯೋಚನೆ ಮಾಡ್ಲಿಲ್ಲ. ಮಾತೂ ತಪ್ಪು ಹೇಳ್ದ. 'ತಾಯೀ, ಗೌಡರು ಇನ್ನಿಲ್ಲ' ಅನ್ನಬೇಕು. ಅವನು 'ನಿನ್ನ ಗಂಡ ಹೋದ ಕಣೇ' ಅಂದ. ಬೈಯಾಣ ಅಂತಿದ್ದೆ. ಅಷ್ಟ್ರಾಗೆ ಜನ ವನ್ಸ್ ಮೋರ್ ಅಂದ್ರು. ಜನ ಮೆಚ್ಚಿದ್ದನ್ನ ನಾನ್ಯಾಕೆ ಬೈಲಿ?"

ಆ ಮಾತು ತಿಪ್ಪೇರುದ್ರಪ್ಪನಿಗೂ ನೆನಪಿತ್ತು. ಗೌಡಶಾನಿಗೆ ಕುರಿಗಾಹಿಯೊಬ್ಬ 'ಕಣೇ' ಎನ್ನುವುದುಂಟೇ ಎಂದು ಕೇಳಿಕೊಳ್ಳಬೇಕಾದ ಕಡೆ, ಆಹಾ ಎಂದಿದ್ದ.

"ಏಕಾಂತಮ್ಮ ಎಲ್ಲಿ?"

"ಹಿತ್ತಲ ಕೋಣೆಯಾಗೆ. ಮದ್ರಾಸಿನವರು ಪಿಕ್ಚರ್‌ಗೆ ಬಾ ಅಂತ ತಂತಿ ಕೊಟ್ಟಾರೆ. ಪೆಟ್ಟಿಗೆ ಕಟ್ತಾ ಅವಳೆ."

*

ಹಿತ್ತಲಲ್ಲಿ ಒಂದು ಸೇದೋ ಬಾವಿ. ಬಿಂದಿಗೆ ಹಿಡಿದ ಇಬ್ಬರು ಹೆಂಗಸರು ಕೋಣೆಯ ಬಾಗಿಲಿಗೆ ಕಣ್ಣಿಟ್ಟು ಪಿಸುಗುಟ್ಟುತ್ತಿದ್ದರು.

"ಅವಳೇ ಕಣೇ. ಪಿಕ್ಚರಿನಾಗೆ ಬಸುರಿ ಸೊಸೆಗೆ ಬರೆ ಹಾಕಿದ್ಳಲ್ಲ, ಆ ಅತ್ತೆ."

"ಹೂಂ ಕಣ್ರಮ್ಮ, ನಾನೇ," ಎಂದು ಒಳಗಿಂದ ದನಿ ಬಂತು. "ಸೌಟು ಕಾಯಾಕೆ ಇಟ್ಟೀನಿ. ನಿಲ್ರಿ, ಬಂದೆ."

ಬಿಂದಿಗೆ ಬಡಿದುಕೊಳ್ಳುತ್ತ ಹೆಂಗಸರು ಓಡಿದರು.

ಒಳಗೆ ಏಕಾಂತಮ್ಮ ಟ್ರಂಕಿನ ಮುಂದೆ ಕೂತಿದ್ದಳು. ಬರಿಗೈ, ಬರಿಹಣೆ, ದಪ್ಪ ಎಲುಬು, ಗಡಸು ದನಿ. ಆ ದನಿಯೇ ಅವಳನ್ನು ಹೀರೋಯಿನ್ ಆಗಲು ಬಿಡಲಿಲ್ಲ. ತಲೆಗೂದಲು ಕಾಡಿಗೆಯಂತಿದ್ದ ಕಾಲಕ್ಕೇ ಹಿಟ್ಟು ಬಳಿದುಕೊಂಡು ಮುದುಕಿಯಾದಳು. ತನಗಿಂತ ಹಿರಿಯ ನಟರಿಗೆ ತಾಯಾದಳು. ಹಿರಿಯೂರಿನಲ್ಲಿ ಅತ್ತು, ಹೊಸದುರ್ಗದಲ್ಲಿ ಬೈದು, ದುರ್ಗದಲ್ಲಿ ನಗಿಸಿ, ಕೊನೆಗೆ ಮದ್ರಾಸಿನ ಸ್ಟುಡಿಯೋದಲ್ಲಿ ಅತ್ತೆಯಾಗಿ ನಿಂತಳು. ಪಿಕ್ಚರ್ ಬಂದ ಮೇಲೆ ಸಂತೆಯಲ್ಲಿ ಅವಳಿಗೆ ತರಕಾರಿ ಮಾರಲು ಜನ ಹಿಂದೆಮುಂದೆ ನೋಡುತ್ತಿದ್ದರು.

"ಕುಂತ್ಕಳ್ರಿ ಜಮಾದಾರ್ರೆ. ಮೂರ್ತಪ್ಪಂಗೆ ಊಟ ಕೊಡ್ತಾ ಅದೀರಾ?"

"ಕೊಡ್ತಾ ಅದೀವಿ. ಉಣ್ತಾ ಇಲ್ಲ."

ಅವಳು ಸೀರೆ ಮಡಿಸುವುದನ್ನು ಮುಂದುವರಿಸಿದಳು. ತಿಪ್ಪೇರುದ್ರಪ್ಪ ಹೊಸ್ತಿಲ ಒಳಗೆ ಗೋಡೆಗೊರಗಿ ಕೂತ. ಬರುವಾಗ ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಆ ಬರಿಹಣೆ ಕಂಡು ಬದಿಗಿಟ್ಟ.

"ನಮ್ಮ ಮನೆಯಾಕೆ ಒಂದು ಮಾತು ಹೇಳಿದಳು," ಎಂದ. "ಆವತ್ತು ನೀವು ಕುಂಕುಮ ಪೂರ್ತಿ ಒರೆಸಿದ್ರಿ. ಬೈತಲೆ ಬುಡದಾಗೆ ಬಿಡಲಿಲ್ಲ."

"ಮರೆತೆ."

"ಮರೆಯೋ ಪೈಕಿ ಅಲ್ಲ ನೀವು."

"ವಯಸ್ಸಾತು ಸ್ವಾಮಿ. ಮರೆವು."

"ಹಸಿರು ಅಂಚಿನ ವಲ್ಲಿ ಎಲ್ಲೈತೆ ಏಕಾಂತಮ್ಮ?"

ಸೀರೆ ಮಡಿಸುತ್ತಿದ್ದ ಕೈ ನಿಂತಿತು. ಹೊರಗೆ ಯಾರೋ ಹಾರ್ಮೋನಿಯಂ ತಿದಿಯೊತ್ತಿ ಒಂದೇ ಸ್ವರ ಹಿಡಿದು ನೋಡುತ್ತಿದ್ದರು. ಏಕಾಂತಮ್ಮ ಟ್ರಂಕಿನ ತಳಕ್ಕೆ ಕೈ ಹಾಕಿ ವಲ್ಲಿಯನ್ನು ತೆಗೆದಳು. ನೀರು ಆರಿದ್ದರೂ ಬಟ್ಟೆ ಕೆರೆಯ ಕೆಸರು ಹಿಡಿದು ಸೆಟೆದುಕೊಂಡಿತ್ತು.

"ನಾನೇ ಮದ್ರಾಸಿಂದ ತಂದುಕೊಟ್ಟಿದ್ದು. ಬಣ್ಣದ ಕೈ ಒರೆಸ್ಕಬ್ಯಾಡ್ರಿ ಅಂತ ಹೇಳಿದ್ದೆ. ಒರೆಸ್ಕಂಡೇ ಇದ್ರು."

"ತಂದು ಕೊಟ್ಟೋರು ಯಾರು?"

"ಹೇಳಿದ್ರೆ ಒಬ್ಬ ಹೋಗ್ತಾನೆ. ಹೇಳ್ದಿದ್ರೆ ಒಬ್ಬ ಹೋಗ್ತಾನೆ. ನೀವೇ ಹೇಳ್ರಿ, ಯಾರನ್ನ ಕಳಿಸ್ಲಿ?"

"ಮೂರ್ತಪ್ಪನಾ, ಅಲ್ವಾ? ಅಷ್ಟು ಹೇಳ್ರಿ ಸಾಕು."

"ಅಲ್ಲ," ಎಂದಳು. ಉಸಿರು ಎಳೆದುಕೊಂಡು, "ನಮ್ಮಣ್ಣ," ಎಂದಳು.

ತಿಪ್ಪೇರುದ್ರಪ್ಪ ನೆಟ್ಟಗೆ ಕೂತ. ಇವಳಿಗೆ ಅಣ್ಣನೊಬ್ಬ ಇದ್ದಾನೆಂದು ಕಂಪನಿಯಲ್ಲಿ ಯಾರೂ ಹೇಳಿರಲಿಲ್ಲ.

"ಚಿಕ್ಕತಿಮ್ಮಪ್ಪ ಅಂತ. ಹರಿಯಬ್ಬೆ ನಮ್ಮೂರು, ಕುರಿ ಮನೆತನ. ನಾನು ಲಂಗ ಉಡೋ ಕಾಲಕ್ಕೆ ಹಿರಿಯೂರಿನಾಗೆ ಕಂಪನಿ ಹಾಕಿತ್ತು. ಕುರಿ ಉಣ್ಣೆ ಮಾರಾಕೆ ಅಪ್ಪನ ಜೊತೆ ಹೋದೋಳು ಆಟ ನೋಡ್ದೆ. ಡೇರೆ ಕಿತ್ತ ದಿನ ಅವರ ಗಾಡಿ ಹತ್ತಿದೆ. ವಾರ ಕಳೆಯೋದ್ರಾಗೆ ನಮ್ಮ ಮನೆಯಾಗೆ ನನ್ನ ತಿಥಿ ಮಾಡಿದ್ರು. ತಲೆ ಬೋಳಿಸ್ಕಂಡು ಕುಂತೋನು ಇವನೇ. ನಾಟಕದಾಕೆ ಅನ್ನಿಸ್ಕಣಾದಕ್ಕಿಂತ ಸತ್ತೋಳು ಅನ್ನಿಸ್ಕಣಾದು ಮೇಲು ಅಂತ ಊರ ಮುಂದೆ ಅಂದನಂತೆ."

"ಆಮೇಲೆ ನೋಡಿರಲಿಲ್ಲವಾ?"

"ಒಂದ್ಸಲ. ಬ್ರಿಟಿಷ್ರು ಹೋದ ವರ್ಷ, ಹೊಸದುರ್ಗದಾಗೆ. ಬಾವುಟ ಹಾರಿಸಿದ ದಿನ ಭಾರತಮಾತೆ ಮಾಡ್ಬೇಕು ಅಂದ್ರು, ಹೀರೋಯಿನ್‌ಗೆ ಜ್ವರ. ನನ್ನೇ ಎತ್ತಿನ ಗಾಡಿ ಮೇಲೆ ನಿಲ್ಸಿದ್ರು. ಹೆಂಗಸ್ರು ಆರತಿ ಎತ್ತಿದ್ರು, ಪಾದ ಮುಟ್ಟಿದ್ರು. ಜನದ ನಡುವೆ ಅಣ್ಣ ನಿಂತಿದ್ದ. ಕೈ ಮುಗಿದಿದ್ದ. ಗಾಡಿ ಹತ್ರ ಬಂತು, ಮುಖ ಗುರುತು ಹತ್ತಿತು. ಮುಗಿದ ಕೈ ಕೆಳಗೆ ಬಿಟ್ಟ." ಏಕಾಂತಮ್ಮ ವಲ್ಲಿಯ ಅಂಚನ್ನು ಉಗುರಿನಿಂದ ಕೆರೆದಳು. "ಸಂಜೆ ನೀರಿಗೆ ಹೋದ್ರೆ ಆರತಿ ಎತ್ತಿದೋರೇ ಬಾವಿ ಹಗ್ಗ ಮೇಲೆ ಎಳ್ಕಂಡ್ರು. ಅದು ಬಿಡ್ರಿ, ಅಭ್ಯಾಸ. ಅಣ್ಣ ಕೈ ಬಿಟ್ಟಿದ್ದು ಮಾತ್ರ ಅಭ್ಯಾಸ ಆಗಲಿಲ್ಲ."

"ಆ ಭಾನುವಾರ ಅವನು ದುರ್ಗಕ್ಕೆ ಯಾಕೆ ಬಂದ?"

"ನನಗೆ ಗೊತ್ತಿಲ್ಲ. ಸತ್ಯವಾಗ್ಲೂ ಗೊತ್ತಿಲ್ಲ. ನಾನು ಬೆಳಕಿನಾಗೆ ನಿಂತು ಮೂರ್ತಪ್ಪನ ದಾರಿ ನೋಡ್ತಾ ಇದ್ದೆ. ಕಂಬಳಿ ಹೊದ್ದೋನೊಬ್ಬ ಮುಗ್ಗರಿಸಿ ಬಂದ. ಕಂಬಳಿ ನೋಡ್ದೆ. ನಮ್ಮ ಮನೆ ಕಂಬಳಿ ಅಂಚು ನನಗೆ ಗೊತ್ತಾಗಲ್ವಾ? ನಮ್ಮವ್ವ ನೂತಿದ್ದು. ಅವನು ಆ ಬೆಳಕಿಗೆ ಕಣ್ಣು ಕಿರಿದು ಮಾಡಿ, ಅಷ್ಟು ಜನದ ಮುಂದೆ ನಡುಗ್ತಾ, 'ಏಕಾ' ಅಂದ. ಎಷ್ಟೋ ವರ್ಷದ ಮೇಲೆ ನನ್ನ ಹೆಸರು ಹಿಡಿದ ಸ್ವಾಮಿ. ಯಾವ ಜಾಗದಾಗೆ ನಿಂತೆ ಅಂತ ನನ್ನ ಸಾಯಿಸಿದ್ನೋ, ಅದೇ ಜಾಗದಾಗೆ ನಿಂತ್ಕಂಡು."

"ನಿನ್ನ ಗಂಡ ಹೋದ ಕಣೇ ಅಂದ."

"ಹೂಂ. ನೀವು ಕೇಳಿದ್ರಲ್ಲ. ಎಲ್ಲಾರೂ ಕೇಳಿದ್ರು."

ತಿಪ್ಪೇರುದ್ರಪ್ಪ ನೆಲ ನೋಡಿದ.

"ನನಗೆ ಅಳು ಬರ್ಲಿಲ್ಲ. ಪಾರ್ಟಿನಾಗೆ ಅಳು ಎಲ್ಲಿ ಬರಬೇಕೋ ಅಲ್ಲಿ ಬಂತು. ಕೈ ತಾನೇ ಹಣೆಗೆ ಹೋತು. ಬಿಡಬೇಕಾದ ಕಾಳಿನ ಹತ್ರ ಬೆರಳು ಬಂದಾಗ, ಇನ್ನು ಯಾರಿಗೋಸ್ಕರ ಬಿಡ್ಲಿ ಅನ್ನಿಸ್ತು. ತಿಕ್ಕಿಬಿಟ್ಟೆ. ಅಲ್ಲಿಗೆ ಮುಗೀಬೇಕಿತ್ತು."

ಅವಳು ಅವನ ಮುಖವನ್ನೇ ನೋಡುತ್ತ ಹೇಳಿದಳು.

"ನೀವು ವನ್ಸ್ ಮೋರ್ ಅಂದ್ರಿ."

ತಿಪ್ಪೇರುದ್ರಪ್ಪ ಟೋಪಿ ತೆಗೆದು ನೆಲದ ಮೇಲಿಟ್ಟ.

"ಯಜಮಾನ್ರು ಪರದೆ ಇಳಿಸಿ ಮತ್ತೆ ಎತ್ತಿಸಿದ್ರು. ಜನ ಕೇಳಿದಾಗ ಆ ಅಂಕ ಮೊದಲಿಂದ ಕೊಡಬೇಕಲ್ಲ. ಮೊದಲಿಂದ ಅಂದ್ರೆ ಹಣೆ ಮೇಲೆ ಕುಂಕುಮ ಇರಬೇಕು. ಇಟ್ಕಂಡೆ. ಗಂಡ ಕೆರೆಯಾಗೆ ಬಿದ್ದವ್ನೆ ಅಂತ ಗೊತ್ತಿದ್ದೂ ಕನ್ನಡಿ ಹಿಡ್ಕಂಡು ಕುಂಕುಮ ಇಟ್ಕಂಡೆ ಸ್ವಾಮಿ. ದುಂಡಗೆ ಬಂದೈತಾ ಅಂತಾನೂ ನೋಡ್ಕಂಡೆ. ಓಣಿ ಹೆಂಗಸ್ರು ನನ್ನ ಏನೇನೋ ಅಂತಾರಂತೆ, ಅನ್ಲಿ. ಇದು ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ಏನಂದಾರು?"

ತಿಪ್ಪೇರುದ್ರಪ್ಪ ಕಳ್ಳರನ್ನು, ಕೊಲೆಗಾರರನ್ನು ಎದುರಿಗೆ ಕೂರಿಸಿಕೊಂಡು ತಲೆ ತಗ್ಗಿಸಿದವನಲ್ಲ. ಇಲ್ಲಿ ಕತ್ತು ಮೇಲೇಳಲಿಲ್ಲ. ಎದ್ದು ಹೊರಗೆ ಹೋಗಿಬಿಡೋಣ ಎನ್ನಿಸಿತು. ಆದರೆ ಲಾಕಪ್ಪಿನಲ್ಲಿ ಗೋಡೆಗೆ ಮುಖ ಹಾಕಿ ಕೂತವನೊಬ್ಬನಿದ್ದ.

"ನಿಮ್ಮಣ್ಣನೂ ಮತ್ತೆ ಬಂದ್ನಾ?"

"ಓಡಿಹೋಗ್ತಿದ್ದೋನನ್ನ ಮತ್ತೆ ಹಿಡಿದು ದಬ್ಬಿದ್ರು. ಬಂದ. ಕೈಯಾಗೆ ವಲ್ಲಿ ಇಟ್ಟ. ಆಗ ಬೇರೆ ಮಾತು ಹೇಳ್ದ."

"ಏನು? ನಾನು ಮುಂದಿನ ಸಾಲಿನಾಗೇ ಇದ್ದೆ. ಕೇಳಿಸ್ಲಿಲ್ಲ."

"ಹೆಂಗೆ ಕೇಳಿಸ್ತದೆ? ಚಪ್ಪಾಳೆ ಹೊಡೀತಿದ್ರಲ್ಲ."

ಹೊರಗೆ ಬಾವಿಯ ಗಡಗಡೆ ತಿರುಗಿತು. ಓಡಿಹೋಗಿದ್ದ ಹೆಂಗಸರು ಮತ್ತೆ ಬಂದಿದ್ದರು. ಏಕಾಂತಮ್ಮ ದನಿ ಇಳಿಸಿದಳು.

"'ಏಕಾ, ನಾನಲ್ಲ ಕಣೇ' ಅಂದ."

"ಅಂದ್ರೆ?"

"ಅದನ್ನೇ ನಾನೂ ಕೇಳ್ಕಣಾದು. ಹಗಲೂ ಅದೇ, ಮಲಗಿದ್ರೂ ಅದೇ. ಗಂಡ ಹೋದ ಅಂದಾಗ ಕಾಲು ಜಾರಿತೇನೋ ಅನ್ಕಂಡಿದ್ದೆ. ಕುಡೀತಿದ್ರು. ಯಾರೋ ಹೊಡೆದ್ರು ಅಂತ ನನ್ನ ತಲೆಗೇ ಬಂದಿರ್ಲಿಲ್ಲ. ತಲೆ ಒಡೆದೈತೆ ಅಂತ ಗೊತ್ತಾಗಿದ್ದು ಸೋಮವಾರ, ನಿಮ್ಮ ಬಾಯಿಂದ. ಹಂಗಾದ್ರೆ ನಾನು ಕೇಳ್ದೆ ಇರೋ ಮಾತಿಗೆ ಅವನು ಯಾಕೆ ಜವಾಬು ಕೊಟ್ಟ?"

ತಿಪ್ಪೇರುದ್ರಪ್ಪ ಆ ಮಾತನ್ನು ತಿರುವಿಹಾಕಿ ನೋಡಿದ. ಕೆರೆಯಲ್ಲಿ ಹೆಣ ಕಂಡು, ನೀರಿಗಿಳಿದು ವಲ್ಲಿ ಎತ್ತಿಕೊಂಡು, ಸತ್ತಳೆಂದುಕೊಂಡ ತಂಗಿಯನ್ನು ಹುಡುಕಿ ಬಂದ ಮನುಷ್ಯ. ತನ್ನ ಮೇಲೆ ಬಂದೀತೆಂಬ ಹೆದರಿಕೆಗೆ ಹಾಗೆ ಅಂದಿರಬಹುದು. ಇಲ್ಲವೇ ಹೊಡೆದವನನ್ನು ಕಣ್ಣಾರೆ ಕಂಡಿರಬಹುದು. ಇಲ್ಲವೇ ಸುಳ್ಳು ಹೇಳಿರಬಹುದು.

"ನಿಮಗೇನನ್ನಿಸ್ತದೆ?"

"ಅವನು ನನ್ನ ಹೆಸರು ಕರೆದ," ಎಂದಳು ಏಕಾಂತಮ್ಮ. "ಅದರ ಮುಂದೆ ನನಗೇನೂ ಅನ್ನಿಸಲ್ಲ. ಅದೇ ನನಗೆ ಹೆದರಿಕೆ."

"ನಾಳೆ ನನ್ನ ಜೊತೆ ದುರ್ಗಕ್ಕೆ ಬರ್ರಿ. ಸುದ್ದಿ ತಂದೋನು ಮೂರ್ತಪ್ಪ ಅಲ್ಲ ಅಂತ ಸಾಹೇಬ್ರ ಮುಂದೆ ಹೇಳ್ರಿ. ನೀವು ಹೇಳ್ದಿದ್ರೆ ಶುಕ್ರವಾರ ಅವನ ಕಥೆ ಮುಗೀತದೆ."

"ಹೇಳಿದ್ರೆ ಹರಿಯಬ್ಬೆಗೆ ಬೇಡಿ ತಗಂಡು ಹೋಗ್ತೀರಾ."

"ಕೇಳಾಕೆ ಹೋಗ್ತೀವಿ."

"ಕೇಳೋರು ಜೀಪಿನಾಗೆ ಬರ್ತಾರಾ ಸ್ವಾಮಿ?" ಎಂದು ಒಣನಗೆ ನಕ್ಕಳು. ವಲ್ಲಿಯನ್ನು ತೊಡೆಯ ಮೇಲೆ ಹರಡಿಕೊಂಡು, "ಬರ್ತೀನಿ," ಎಂದಳು. "ಮೂರ್ತಪ್ಪ ಸ್ಟೇಜಿನ ಮೇಲೆ ನನಗೋಸ್ಕರ ಎಷ್ಟು ಸಲ ಹೆಣ ಹೊತ್ತಾನೋ. ಬರ್ತೀನಿ."

ವಲ್ಲಿಯನ್ನು ಆಗಲೇ ವಶಕ್ಕೆ ತೆಗೆದುಕೊಳ್ಳಬೇಕಿತ್ತು. ಇಬ್ಬರನ್ನು ಕರೆದು ಪಂಚನಾಮೆ ಬರೆದು ಮೊಹರು ಹಾಕಬೇಕಿತ್ತು. ನೌಕರಿಗೆ ಸೇರಿದ ಹೊಸಬನಿಗೂ ಅದು ಗೊತ್ತು. ತಿಪ್ಪೇರುದ್ರಪ್ಪ ಕೈ ಚಾಚಿದ. ಅವಳು ಅದರ ಮೇಲೆ ಅಂಗೈ ಊರಿ, ಮಲಗಿದವರ ಎದೆ ನೇವರಿಸುವಂತೆ ಸುಕ್ಕು ಬಿಡಿಸುತ್ತಿದ್ದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಚಪ್ಪಾಳೆ ಹೊಡೆದ ಕೈ ಅದು. ಅದರಿಂದ ಆ ಬಟ್ಟೆ ಕಿತ್ತುಕೊಳ್ಳಲು ನಾಚಿಕೆಯಾಯಿತು.

"ನಾಳೆ ಅದನ್ನೂ ತರ್ರಿ," ಎಂದಷ್ಟೇ ಹೇಳಿ ಎದ್ದ.

*

ರಾತ್ರಿ ಹೊಳಲ್ಕೆರೆಯಲ್ಲೇ ತಂಗಿ, ಬುಧವಾರ ಬೆಳಿಗ್ಗೆ ಮುಖ ತೊಳೆದವನೇ ಗಿರಣಿಗೆ ಬಂದ. ಹಿತ್ತಲ ಕೋಣೆಯ ಬಾಗಿಲು ತೆರೆದಿತ್ತು. ಟ್ರಂಕು ಅಲ್ಲೇ ಇತ್ತು. ಮಡಿಸಿದ ಸೀರೆಗಳು ಮಡಿಸಿದಂತೆಯೇ ಇದ್ದವು. ತಿಪ್ಪೇರುದ್ರಪ್ಪ ತಳದವರೆಗೂ ಕೈ ಹಾಕಿ ತಡವಿದ. ವಲ್ಲಿ ಇರಲಿಲ್ಲ.

ಶಿವಕುಮಾರಪ್ಪ ಬೇವಿನ ಕಡ್ಡಿ ಕಚ್ಚಿಕೊಂಡು ಬಂದ.

"ಹೋದ್ಳಲ್ರಿ. ಮೊದಲನೇ ಬಸ್ಸಿಗೆ."

"ಎಲ್ಲಿಗೆ? ದುರ್ಗಕ್ಕಾ?"

"ಇಲ್ಲ. ಹೊಸದುರ್ಗದ ಮೇಲೆ ಹಿರಿಯೂರಿಗೆ ಹೋಗೋ ಬಸ್ಸು. ಮದ್ರಾಸಿಗೆ ಹಂಗೆ ಯಾರಾದ್ರೂ ಹೋಗ್ತಾರಾ ಅಂದೆ. ಮದ್ರಾಸಿಗಲ್ಲ ಅಂದ್ಳು. ನಿಮಗೊಂದು ಮಾತು ಹೇಳು ಅಂದ್ಳು."

"ಹೇಳ್ರಿ."

ಯಜಮಾನ ಕಡ್ಡಿ ಉಗಿದು, ಅವಳು ಹೇಳಿಕೊಟ್ಟದ್ದನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದ. "ಜಮಾದಾರ್ರಿಗೆ ನೆನ್ನೆ ನಾನು ಹೇಳಿದ್ದೆಲ್ಲ ನಾಟಕ. ನನಗೆ ಅಣ್ಣ ಅನ್ನೋನೇ ಇಲ್ಲ. ಬೇಕಿದ್ರೆ ಹರಿಯಬ್ಬೆಯಾಗೆ ಕೇಳ್ರಿ, ಅವರಿಗೆ ತಂಗಿನೇ ಇಲ್ಲ ಅಂತಾರೆ. ಇಷ್ಟು ಹೇಳು ಅಂದ್ಳಪ್ಪ. ನನಗಂತೂ ತಲೆಬುಡ ತಿಳೀಲಿಲ್ಲ."

ತಿಪ್ಪೇರುದ್ರಪ್ಪ ಟ್ರಂಕಿನ ಅಂಚಿನ ಮೇಲೆ ಕೂತುಬಿಟ್ಟ. ಒದ್ದೆ ವಲ್ಲಿಯನ್ನು ಊರೆಲ್ಲ ಕಂಡಿತ್ತು. ಆದರೆ ಕಂಡವರೆಲ್ಲ ಅದನ್ನು ಕಂಪನಿಯ ಸಾಮಾನು ಎನ್ನುತ್ತಾರೆ. ಮೂರ್ತಪ್ಪ ಸ್ಟೇಜಿನ ಮೇಲೆ ನಾನೇ ಇದ್ದೆ ಎನ್ನುತ್ತಾನೆ. ಕೋರ್ಟಿಗೆ ನಡುವೆ ಇದ್ದದ್ದು ಒಂದೇ ದಿನ.

ಅಣ್ಣನನ್ನು ಕೇಳಲು ಹೋದಳೋ, ಓಡಿಹೋಗೆಂದು ಹೇಳಲು ಹೋದಳೋ, ಅದನ್ನು ಬಲ್ಲವರು ಹೊಳಲ್ಕೆರೆಯಲ್ಲಿ ಯಾರೂ ಇರಲಿಲ್ಲ. ತನ್ನ ತಿಥಿ ಮಾಡಿದ ಮನೆಗೆ, ಗಂಡನ ವಲ್ಲಿ ಕಂಕುಳಲ್ಲಿಟ್ಟುಕೊಂಡು ಏಕಾಂತಮ್ಮ ಹೊರಟುಹೋದದ್ದು ಆ ಬುಧವಾರ.